ಆಟಕ್ಕುಂಟು ಲೆಕ್ಕಕ್ಕಿಲ್ಲ

ಕಳೆದ ಬೇಸಿಗೆ ರಜೆಯ ಒಂದು ಸಂಜೆ. ಚಳ್ಳಕೆರೆಯ ಬಿಸಿಲು ಕಂಡವರಿಗೆ ಹೇಳಬೇಕಾಗಿಲ್ಲ, ಐದೂವರೆ ಗಂಟೆಯಾದರೂ ಅಂಗಳದ ಚಪ್ಪಡಿ ಕಲ್ಲಿನ ಮೇಲೆ ಬರಿಗಾಲಿಡುವ ಹಾಗಿರಲಿಲ್ಲ. ನಾನು ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ಶೇಂಗಾ ಸುಲಿಯುತ್ತ ಕೂತಿದ್ದೆ. ಹೊರಗಿನ ಗೇಟು ಧಡಾರನೆ ಬಡಿದ ಸದ್ದಾಯಿತು. ಒಳಗೆ ಬಂದ ಮೊಮ್ಮಗಳು ಪುಟ್ಟಿ ಷೂ ಬಿಚ್ಚಲಿಲ್ಲ, ನೀರು ಕೇಳಲಿಲ್ಲ, ಸೀದಾ ಬಂದು ನನ್ನ ಮುಂದೆ ನಿಂತು, “ಅಜ್ಜಿ, ನಾನೇನು ತಪ್ಪು ಮಾಡಿದೆ ಹೇಳು” ಅಂದಳು. ಕೆನ್ನೆಯ ಧೂಳಿನ ಮೇಲೆ ಕಣ್ಣೀರು ಎರಡು ಗೆರೆ ಎಳೆದಿತ್ತು.

ಪುಟ್ಟಿ ನನ್ನ ಮಗಳ ಮಗಳು. ಒಂಬತ್ತು ವರ್ಷ. ಊರು ಮೊಳಕಾಲ್ಮೂರು. ರಜೆಗೆಂದು ನಮ್ಮ ಮನೆಗೆ ಬಂದವಳು ಇಲ್ಲಿಯ ಮಕ್ಕಳ ಜೊತೆ ಸೇರಿ ದಿನಾ ಸಂಜೆ ಮೈದಾನಕ್ಕೆ ಹೋಗುತ್ತಿದ್ದಳು. ನಮ್ಮ ಓಣಿಯ ಒಬ್ಬ ಕಾಲೇಜು ಹುಡುಗ, ಯಾರೂ ಹೇಳದೆ ಕೇಳದೆ, ಯಾರಿಂದಲೂ ಒಂದು ರೂಪಾಯಿ ಮುಟ್ಟದೆ, ಮಕ್ಕಳನ್ನು ಗುಡ್ಡೆಹಾಕಿಕೊಂಡು ಫುಟ್‌ಬಾಲ್ ಕಲಿಸುತ್ತಿದ್ದ. ಈ ಕಡೆ ಏಳು ಜನ, ಆ ಕಡೆ ಏಳು ಜನ. ಗಂಡು ಹೆಣ್ಣು ಕೂಡಿಯೇ ಆಟ. ಗೋಲಿಗೆ ಎರಡೆರಡು ಇಟ್ಟಿಗೆ.

ನಡೆದದ್ದು ಇಷ್ಟು. ಪುಟ್ಟಿ ಹೊಸಬಳೆಂದು ಅವಳ ಕಡೆಯ ದೊಡ್ಡ ಹುಡುಗರು, “ನೀನು ಅಲ್ಲೇ ಅವರ ಗೋಲಿನ ಹತ್ರ ನಿಂತ್ಕೋ, ಚೆಂಡು ಬಂದ್ರೆ ಒದಿ” ಅಂದಿದ್ದರು. ಹೇಳಿದ ಹಾಗೆ ಕೇಳುವ ಮಗು, ನಿಂತಳು. ಮೂರು ದಿನ ಚೆಂಡು ಅವಳ ಹತ್ತಿರ ಸುಳಿಯಲೇ ಇಲ್ಲ. ನಾಲ್ಕನೆಯ ದಿನ ಯಾರೋ ಎತ್ತಿ ಒದ್ದದ್ದು ಉರುಳಿಕೊಂಡು ಅವಳ ಕಾಲಿಗೆ ಬಂತು. ಒದ್ದಳು. ಇಟ್ಟಿಗೆಗಳ ನಡುವೆ ಹೋಯಿತು. ಜೀವಮಾನದ ಮೊದಲ ಗೋಲು! ಕುಣಿಯಲು ಕೈಯೆತ್ತಿದಳು, ಅಷ್ಟರಲ್ಲಿ ಸೀಟಿ ಊದಿತು. ಆಫ್‌ಸೈಡ್ ಅಂತೆ, ಗೋಲು ಇಲ್ಲವಂತೆ. ಅಲ್ಲಿ ನಿಲ್ಲು ಅಂದ ಹುಡುಗರೇ ನಕ್ಕರು.

ನನಗೆ ಆಫ್‌ಸೈಡ್ ಅಂದರೆ ಕ್ರಿಕೆಟ್ಟಿನದು ಗೊತ್ತು. ರೇಡಿಯೋ ಕಾಮೆಂಟರಿ ಕೇಳಿ ಬೆಳೆದ ಕಿವಿ ನನ್ನದು. ಅದರಲ್ಲಿ ಆಫ್‌ಸೈಡಿಗೆ ಹೊಡೆದರೆ ಚಪ್ಪಾಳೆ. ಇದರಲ್ಲಿ ನಿಂತರೇ ತಪ್ಪು ಅಂದರೆ ಹೇಗೆ? “ನಾಳೆ ಕೇಳೋಣ ಬಿಡು” ಅಂದೆ. “ನಾಳೆ ನಾನು ಹೋಗಲ್ಲ” ಅಂದಳು. ಆ ಮಾತು ಹೇಳಿದ ರೀತಿ ನನಗೆ ಸರಿಕಾಣಲಿಲ್ಲ. ಮಕ್ಕಳು ಸಿಟ್ಟಿನಲ್ಲಿ ಹೇಳುವ “ಹೋಗಲ್ಲ” ಬೇರೆ, ತಾನು ದಡ್ಡಿ ಎಂದು ತೀರ್ಮಾನಿಸಿಕೊಂಡು ಹೇಳುವ “ಹೋಗಲ್ಲ” ಬೇರೆ. ಇಪ್ಪತ್ತೆಂಟು ವರ್ಷ ಮೇಷ್ಟರಗಿತ್ತಿಯಾಗಿದ್ದವಳಿಗೆ ಅಷ್ಟು ತಿಳಿಯುತ್ತದೆ.

ನಮ್ಮ ಆಟಗಳಲ್ಲಿ ಇಂಥ ನಿಯಮ ಇಲ್ಲವೇ ಎಂದು ರಾತ್ರಿಯೆಲ್ಲ ಯೋಚಿಸಿದೆ. ಇದೆ ನೋಡಿ. ಖೋಖೋದಲ್ಲಿ ಎದ್ದು ಒಂದು ದಿಕ್ಕಿಗೆ ಹೊರಟವಳು ಕಂಬ ಮುಟ್ಟುವ ತನಕ ಹಿಂದಿರುಗುವಂತಿಲ್ಲ, ತಿರುಗಿದರೆ ಫೌಲ್. ಅದಕ್ಕಿಂತ ಹತ್ತಿರದ್ದು ಚೌಕಾಬಾರ. ನಮ್ಮ ಅತ್ತೆಯವರು ಕವಡೆ ಹಿಡಿದು ಕೂತರೆ ಶಿಸ್ತೆಂದರೆ ಶಿಸ್ತು. ಎದುರಾಳಿಯ ಒಂದಾದರೂ ಕಾಯಿ ಕಡಿಯದೆ ಒಳಮನೆಗೆ ಕಾಲಿಡುವಂತಿಲ್ಲ. ಹೊರಮನೆಯಲ್ಲೇ ಸುತ್ತುತ್ತಿರಬೇಕು. ಕಷ್ಟಪಡದೆ ಒಳಗೆ ನುಗ್ಗಬಾರದು ಎನ್ನುವುದೇ ಅದರ ಅರ್ಥ. ಆದರೆ ಆರು ವರ್ಷದ ಮಗು ಆಟಕ್ಕೆ ಕೂತಾಗ ಅದೇ ಅತ್ತೆ ಕಣ್ಣು ಮಿಟುಕಿಸಿ, “ಅದಕ್ಕೆ ಕಡಿಯೋದು ಬೇಡ, ಒಳಗೆ ಬಿಡಿ, ಅದು ಆಟಕ್ಕುಂಟು ಲೆಕ್ಕಕ್ಕಿಲ್ಲ” ಅನ್ನುತ್ತಿದ್ದರು. ಮಗು ಕಾಯಿ ನಡೆಸುತ್ತ, ಎಣಿಸುತ್ತ, ಒಂದೆರಡು ವರ್ಷದಲ್ಲಿ ತಾನೇ ಲೆಕ್ಕಕ್ಕೆ ಬರುತ್ತಿತ್ತು.

ಫುಟ್‌ಬಾಲಿನವರು ಇದಕ್ಕೆ ಏನು ಮಾಡಿದ್ದಾರೆ? ಮಗನ ಹತ್ತಿರ ಕೇಳಿದೆ, ಪುಸ್ತಕ ತರಿಸಿದೆ, ಅವನ ಕಂಪ್ಯೂಟರಿನ ಮುಂದೆ ಕೂತೆ. ಹದಿನೈದು ದಿನ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚೂಕಡಿಮೆ ಆಗುತ್ತಿತ್ತು ಅನ್ನಿ.

ಮೊದಲು ನನಗೆ ಸೋಜಿಗವಾದದ್ದು, ಈ ನಿಯಮ ಹುಟ್ಟಿದ್ದೇ ಶಾಲೆಗಳಲ್ಲಿ. ಇಂಗ್ಲೆಂಡಿನ ಶ್ರೀಮಂತರ ಮಕ್ಕಳು ಓದುತ್ತಿದ್ದ ವಸತಿ ಶಾಲೆಗಳಿದ್ದವಲ್ಲ, ಒಂದೊಂದು ಶಾಲೆಗೂ ಒಂದೊಂದು ಫುಟ್‌ಬಾಲು. ರಗ್ಬಿ ಎಂಬ ಊರಿನ ಶಾಲೆಯಲ್ಲಿ 1845ರಲ್ಲಿ ಹಿರಿಯ ವಿದ್ಯಾರ್ಥಿಗಳೇ ಕೂತು ನಿಯಮಗಳನ್ನು ಬರೆದಿಟ್ಟರು. ಅದರಲ್ಲಿ ಆಫ್‌ಸೈಡ್ ಆಗಲೇ ಇತ್ತು. ಈಟನ್ ಶಾಲೆಯ ಹುಡುಗರು ಎದುರಾಳಿಯ ಗೋಲಿನ ಹತ್ತಿರ ಹೊಂಚುಹಾಕಿ ನಿಲ್ಲುವುದಕ್ಕೆ ಕಳ್ಳಹೆಜ್ಜೆ ಎಂಬರ್ಥದ ಒಂದು ಹೆಸರನ್ನೇ ಇಟ್ಟಿದ್ದರು. ತನ್ನ ಕಡೆಯವರೆಲ್ಲ ಚೆಂಡಿನ ಹಿಂದೆ ಗುದ್ದಾಡುತ್ತಿರುವಾಗ ಒಬ್ಬ ಮೆಲ್ಲಗೆ ಮುಂದೆ ಹೋಗಿ ಕಾಯುವುದು ಮರ್ಯಾದಸ್ಥರ ಲಕ್ಷಣವಲ್ಲ ಎನ್ನುವುದು ಅವರ ಭಾವನೆ. ಮದುವೆ ಮನೆಯಲ್ಲಿ ಎಲ್ಲರೂ ಕೆಲಸ ಮಾಡುತ್ತಿರುವಾಗ ಪಂಕ್ತಿಯ ತುದಿಯಲ್ಲಿ ಮೊದಲೇ ಹೋಗಿ ಕೂತವನನ್ನು ನಾವು ನೋಡುವುದಿಲ್ಲವೇ, ಹಾಗೆ. ಆಫ್‌ಸೈಡ್ ಎಂಬ ಮಾತಿನ ಅರ್ಥವೂ ಅದೇ: ತನ್ನ ಪಕ್ಷ ಬಿಟ್ಟು ಆಚೆಗೆ ಹೋದವನು.

ಅಪಿಂಗಮ್ ಶಾಲೆಯಲ್ಲಿದ್ದ ಥ್ರಿಂಗ್ ಎಂಬ ಮೇಷ್ಟ್ರು 1862ರಲ್ಲಿ ಅತ್ಯಂತ ಸರಳವಾದ ಆಟ ಎಂದು ಹೆಸರಿಟ್ಟು ಹತ್ತು ನಿಯಮ ಬರೆದರು. ಚೆಂಡಿಗಿಂತ ಮುಂದೆ ಇರುವವನು ಆಟದಿಂದ ಹೊರಗೆ, ಅವನು ಆದಷ್ಟು ಬೇಗ ಚೆಂಡಿನ ಹಿಂದಕ್ಕೆ ಬರಬೇಕು ಎನ್ನುವುದು ಅದರಲ್ಲೊಂದು. ಮರುವರ್ಷ, 1863ರಲ್ಲಿ, ಲಂಡನ್ನಿನ ಒಂದು ಛತ್ರದಲ್ಲಿ ಕ್ಲಬ್ಬುಗಳವರು ಸೇರಿ ಫುಟ್‌ಬಾಲ್ ಸಂಸ್ಥೆ ಕಟ್ಟಿದಾಗಲೂ ಹೆಚ್ಚುಕಡಿಮೆ ಇದನ್ನೇ ಒಪ್ಪಿಕೊಂಡರು. ಅಂದರೆ ಮುಂದಕ್ಕೆ ಚೆಂಡು ಕೊಡುವ ಹಾಗೇ ಇಲ್ಲ! ಒಬ್ಬ ಕಾಲಲ್ಲಿ ಉರುಳಿಸಿಕೊಂಡು ಹೋಗಬೇಕು, ಉಳಿದವರು ಕುರಿಮಂದೆಯ ಹಾಗೆ ಅವನ ಬೆನ್ನಿಗಿರಬೇಕು. ನಮ್ಮ ಸೀಮೆಯಲ್ಲಿ ಕುರಿಮಂದೆ ಕಂಡವರಿಗೆ ಆ ಧೂಳು ಊಹಿಸುವುದು ಕಷ್ಟವಲ್ಲ.

ಮೂರೇ ವರ್ಷಕ್ಕೆ ಬಿಗಿ ಸಡಿಲಿಸಬೇಕಾಯಿತು. 1866ರಲ್ಲಿ, ನಿನ್ನ ಮತ್ತು ಗೋಲಿನ ಗೆರೆಯ ನಡುವೆ ಎದುರಾಳಿಗಳು ಮೂರು ಜನರಾದರೂ ಇದ್ದರೆ ನೀನು ಚೆಂಡಿಗಿಂತ ಮುಂದೆ ಇರಬಹುದು ಎಂದರು. ಅಲ್ಲಿಂದಾಚೆಗೆ ಒಬ್ಬರಿಗೊಬ್ಬರು ಚೆಂಡು ದಾಟಿಸುವ ಆಟ ಬೆಳೆಯಿತು.

ಇಲ್ಲಿ ಶೆಫೀಲ್ಡ್ ಊರಿನ ಮಾತು ಹೇಳಲೇಬೇಕು, ಏಕೆಂದರೆ ನಮ್ಮ ಸೀಟಿ ಹುಡುಗನ ಪರವಾದ ಸಾಕ್ಷಿ ಅಲ್ಲಿದೆ. ಶೆಫೀಲ್ಡಿನವರು 1858ರಲ್ಲಿ ತಮ್ಮದೇ ನಿಯಮ ಬರೆದುಕೊಂಡಾಗ ಆಫ್‌ಸೈಡ್ ಇಟ್ಟುಕೊಳ್ಳಲೇ ಇಲ್ಲ. ಏನಾಯಿತು? ಎದುರಾಳಿಯ ಗೋಲಿನ ಮುಂದೆಯೇ ಠಿಕಾಣಿ ಹೂಡುವ ಆಟಗಾರರು ಹುಟ್ಟಿಕೊಂಡರು. ಅವರಿಗೆ ಅದೇ ಕೆಲಸ. ಕೊನೆಗೆ ಶೆಫೀಲ್ಡಿನವರೂ ತಾವಾಗಿ ಒಂದು ತೆಳು ಆಫ್‌ಸೈಡ್ ಮಾಡಿಕೊಂಡರು, 1877ರಲ್ಲಿ ಲಂಡನ್ನಿನವರ ನಿಯಮಕ್ಕೆ ಸೇರಿಹೋದರು. ಹಾಗಾಗಿ ಈ ನಿಯಮ ಬರೀ ಹಟಮಾರಿತನದಿಂದ ಹುಟ್ಟಿದ್ದಲ್ಲ. ಅದಿಲ್ಲದೆ ಆಟ ಏನಾಗುತ್ತದೆಂದು ಕಂಡವರು ಇಟ್ಟುಕೊಂಡದ್ದು.

ಮೂರು ಜನರ ಲೆಕ್ಕ ಐವತ್ತೊಂಬತ್ತು ವರ್ಷ ನಡೆಯಿತು. ನಮ್ಮ ದೇಶಕ್ಕೆ ಫುಟ್‌ಬಾಲ್ ಬಂದದ್ದು ಈ ಲೆಕ್ಕದಲ್ಲೇ. 1911ರ ಜುಲೈ 29ರಂದು ಕಲ್ಕತ್ತೆಯಲ್ಲಿ ಮೋಹನ್ ಬಗಾನ್ ತಂಡದವರು ಬಹುಪಾಲು ಬರಿಗಾಲಲ್ಲಿ ಆಡಿ, ಬೂಟಿನ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಲ್ಲಿ ಸೋಲಿಸಿ ಶೀಲ್ಡ್ ಗೆದ್ದರಲ್ಲ, ಆಗ ಗೋಲಿನ ಹತ್ತಿರ ಚೆಂಡು ಪಡೆಯುವುದು ಈಗಿಗಿಂತ ಎಷ್ಟೋ ಕಷ್ಟವಿತ್ತು. ಬರಿಗಾಲಿನ ಕಥೆ ಎಲ್ಲರೂ ಹೇಳುತ್ತಾರೆ, ಇದನ್ನು ಯಾರೂ ಹೇಳುವುದಿಲ್ಲ.

ಮುಂದೆ ಬುದ್ಧಿವಂತರು ನಿಯಮವನ್ನೇ ಬಲೆ ಮಾಡಿಕೊಂಡರು. ನ್ಯೂಕ್ಯಾಸಲ್ ತಂಡದ ಬಿಲ್ ಮೆಕ್ರ್ಯಾಕನ್ ಎಂಬ ರಕ್ಷಣೆ ಆಟಗಾರ ಇದರಲ್ಲಿ ಪಳಗಿದ ಕೈ. ಮೂರು ಜನ ಬೇಕು ತಾನೇ? ಗೋಲ್‌ಕೀಪರ್ ಒಬ್ಬ, ಹಿಂದಿನ ಆಟಗಾರರು ಇಬ್ಬರು. ಆ ಇಬ್ಬರಲ್ಲಿ ಒಬ್ಬ ಸರಿಯಾದ ಹೊತ್ತಿಗೆ ನಾಲ್ಕು ಹೆಜ್ಜೆ ಮುಂದೆ ಬಂದುಬಿಟ್ಟರೆ ಸಾಕು, ಎದುರಾಳಿ ತಾನು ಅಲುಗದೆಯೇ ಅಪರಾಧಿಯಾಗುತ್ತಿದ್ದ. ಇದನ್ನು ಓದುವಾಗ ನನಗೆ ಪುಟ್ಟಿಯ ಪ್ರಶ್ನೆ ಕಿವಿಯಲ್ಲಿ ಕೇಳಿಸಿತು. ನಿಂತಲ್ಲೇ ನಿಂತಿದ್ದವರಿಗೆ ತಾವೇನು ತಪ್ಪು ಮಾಡಿದೆವು ಅನ್ನಿಸದೆ ಇರುತ್ತದೆಯೇ? ಆಟ ನಡುಮೈದಾನದಲ್ಲಿ ಒತ್ತೊತ್ತಾಗಿ ಸಿಕ್ಕಿಕೊಂಡು, ಸೀಟಿಯ ಸದ್ದೇ ಹೆಚ್ಚಾಗಿ, ನೋಡುವವರಿಗೆ ಬೇಸರ ಬಂತು. 1925ರಲ್ಲಿ ಮೂರನ್ನು ಎರಡು ಮಾಡಿದರು. ಅಂಕಿ ಹೇಳಿದರೆ ನಂಬುವುದು ಕಷ್ಟ. ಇಂಗ್ಲೆಂಡಿನ ಲೀಗ್ ಪಂದ್ಯಗಳಲ್ಲಿ 1924-25ರಲ್ಲಿ ಒಟ್ಟು 4,700 ಗೋಲು ಆಗಿದ್ದವು. ಮರುವರ್ಷ ಅಷ್ಟೇ ಪಂದ್ಯಗಳಲ್ಲಿ 6,373. ಒಂದು ಅಂಕಿ ಬದಲಿಸಿದ್ದಕ್ಕೆ ಸಾವಿರದ ಆರುನೂರಕ್ಕೂ ಹೆಚ್ಚು ಗೋಲು!

ಈಗಲೂ ನಡೆಯುತ್ತಿರುವುದು ಆ ಎರಡರ ಲೆಕ್ಕವೇ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತ ಫ್ರಾನ್ಸಿನ ಎದುರು ಆಡಿ 1-2ರಲ್ಲಿ ಸೋತಾಗ ನಮ್ಮ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ಸಂಸ್ಥಾನದ ಆಟಗಾರ. ಬೆಂಗಳೂರಿನ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದರು. ಅದಕ್ಕೂ ಮುಂಚೆಯೇ 1946-47ರಲ್ಲಿ ಮೈಸೂರು ತಂಡ ಸಂತೋಷ್ ಟ್ರೋಫಿ ಗೆದ್ದಿತ್ತು, ಮುಂದೆಯೂ ಮೂರು ಸಲ ಗೆದ್ದಿತು. ಕೊನೆಯದು 1968-69ರಲ್ಲಿ. ಆಮೇಲೆ ನಮ್ಮ ರಾಜ್ಯಕ್ಕೆ ಅದು ಸಿಕ್ಕಿದ್ದು 2023ರ ಮಾರ್ಚ್ 4ರಂದು, ದೂರದ ರಿಯಾದಿನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿದಾಗ. ನಡುವೆ ಐವತ್ನಾಲ್ಕು ವರ್ಷ. ಚಿತ್ರದುರ್ಗದ ಕಡೆಯ ನಮಗೆ ಬೆಂಗಳೂರಿನ ಈ ಫುಟ್‌ಬಾಲ್ ಪತ್ರಿಕೆಯ ಕೊನೇ ಪುಟದ ಸುದ್ದಿಯಾಗಿತ್ತೇ ಹೊರತು ಕಣ್ಣಿಗೆ ಕಂಡದ್ದಲ್ಲ.

ಅದರಲ್ಲೂ ಹೆಣ್ಣುಮಕ್ಕಳಿಗೆ ಕೇಳಬೇಕೆ. ನಾನು ಓದುವಾಗ ಹುಡುಗರಿಗೆ ಫುಟ್‌ಬಾಲು, ನಮಗೆ ಥ್ರೋಬಾಲು ಮತ್ತು ರಿಂಗು. ಯಾರೂ ಬೇಡವೆಂದು ಬಾಯಿಬಿಟ್ಟು ಹೇಳಿದ್ದಿಲ್ಲ, ಹೇಳುವ ಅಗತ್ಯವೇ ಇರಲಿಲ್ಲ. ಇಂಗ್ಲೆಂಡಿನವರು ಮಾತ್ರ ಬರೆದೇ ಹೇಳಿದರು. ಅಲ್ಲಿ ಮೊದಲ ಮಹಾಯುದ್ಧದ ಕಾಲಕ್ಕೆ ಪ್ರೆಸ್ಟನ್ ಊರಿನ ಡಿಕ್ ಕೆರ್ ಕಾರ್ಖಾನೆಯಲ್ಲಿ ಮದ್ದುಗುಂಡು ತಯಾರಿಸುತ್ತಿದ್ದ ಹೆಣ್ಣುಮಕ್ಕಳು ಒಂದು ತಂಡ ಕಟ್ಟಿದ್ದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನಲ್ಲಿ ಅವರ ಆಟ ನೋಡಲು ಸುಮಾರು 53,000 ಜನ ಸೇರಿದ್ದರು. ಒಂದು ವರ್ಷ ತುಂಬುವುದರೊಳಗೆ, 1921ರ ಡಿಸೆಂಬರ್ 5ರಂದು, ಈ ಆಟ ಹೆಂಗಸರಿಗೆ ತಕ್ಕದ್ದಲ್ಲ ಎಂದು ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್ಬುಗಳ ಮೈದಾನದಿಂದ ಅವರನ್ನು ಹೊರಗಿಟ್ಟಿತು. ಅದು ಪೂರ್ತಿ ತೆರವಾದದ್ದು 1971ರಲ್ಲಿ. ಆ ವರ್ಷ ನಾನು ಆರನೆಯ ತರಗತಿಯಲ್ಲಿದ್ದೆ, ರಿಂಗು ಆಡುತ್ತಿದ್ದೆ. ಹತ್ತೇ ವರ್ಷದೊಳಗೆ, 1980ರ ಜನವರಿಯಲ್ಲಿ, ಕಲ್ಲಿಕೋಟೆಯಲ್ಲಿ ನಡೆದ ಏಷ್ಯಾ ಮಹಿಳಾ ಪಂದ್ಯಾವಳಿಯಲ್ಲಿ ನಮ್ಮ ದೇಶದ ಹುಡುಗಿಯರು ಎರಡನೆಯ ಸ್ಥಾನ ಪಡೆದರು. ಇದೆಲ್ಲ ನನಗೆ ಗೊತ್ತಾದದ್ದು ಅರವತ್ತು ದಾಟಿದ ಮೇಲೆ, ಮೊಮ್ಮಗಳ ಒಂದು ಗೋಲು ರದ್ದಾದದ್ದರಿಂದ.

ಇರಲಿ, ನಿಯಮಕ್ಕೆ ಬರುತ್ತೇನೆ. ಈಗಿನ ನಿಯಮ ಹೀಗೆ. ಎದುರಾಳಿಯ ಅರ್ಧ ಮೈದಾನದಲ್ಲಿ, ಚೆಂಡಿಗಿಂತಲೂ ಮುಂದೆ, ಅವರ ಕೊನೆಯಿಂದ ಎರಡನೆಯ ಆಟಗಾರನಿಗಿಂತಲೂ ಮುಂದೆ ನೀನಿದ್ದರೆ ಅದು ಆಫ್‌ಸೈಡ್ ಜಾಗ. ಆ ಎರಡನೆಯವನಿಗೆ ಸರಿಸಮನಾಗಿದ್ದರೆ ತಪ್ಪಿಲ್ಲ, ಇದನ್ನು 1990ರಲ್ಲಿ ಸಡಿಲಿಸಿದರು. ನಿನ್ನದೇ ಅರ್ಧದಲ್ಲಿದ್ದರೆ ತಪ್ಪಿಲ್ಲ, ಅದು 1907ರದು. ಲೆಕ್ಕ ಹಿಡಿಯುವುದು ನಿನಗೆ ಚೆಂಡು ತಲುಪಿದ ಗಳಿಗೆಯದಲ್ಲ, ನಿನ್ನ ಜೊತೆಯವನು ಅಲ್ಲಿ ಒದ್ದ ಗಳಿಗೆಯದು. ಇನ್ನೊಂದು ಮುಖ್ಯ ಮಾತು: ಆ ಜಾಗದಲ್ಲಿ ಸುಮ್ಮನೆ ನಿಂತಿರುವುದು ತಪ್ಪೇ ಅಲ್ಲ. ನಿಂತವನು ಆಟದಲ್ಲಿ ಕೈ, ಅಲ್ಲ, ಕಾಲು ಹಾಕಿದರೆ ಮಾತ್ರ ತಪ್ಪು. ಅಲ್ಲಿಯತನಕ ಅವನು ಆಟಕ್ಕುಂಟು ಲೆಕ್ಕಕ್ಕಿಲ್ಲ. ಅತ್ತೆಯವರು ಇದ್ದಿದ್ದರೆ ಇದನ್ನು ಓದಿ ನಗುತ್ತಿದ್ದರು.

ಇಷ್ಟನ್ನೂ ಒಬ್ಬನೇ ನೋಡಲಾದೀತೆ? ದೂರದಲ್ಲಿ ಚೆಂಡು ಕಾಲು ಬಿಟ್ಟ ಗಳಿಗೆ ಒಂದು, ಇಲ್ಲಿ ಇಬ್ಬರ ಭುಜ ಭುಜದ ಲೆಕ್ಕ ಒಂದು, ಎರಡನ್ನೂ ಒಂದೇ ಕ್ಷಣದಲ್ಲಿ ಹಿಡಿಯಬೇಕು. ದೊಡ್ಡ ಪಂದ್ಯಗಳಲ್ಲಿ ಪಕ್ಕದ ಗೆರೆಯುದ್ದಕ್ಕೂ ಬಾವುಟ ಹಿಡಿದು ಓಡುವವರು ಇಬ್ಬರಿರುತ್ತಾರೆ, ಕೊನೆಯಿಂದ ಎರಡನೆಯ ಆಟಗಾರನ ನೇರಕ್ಕೇ ಇರುವುದು ಅವರ ಮುಖ್ಯ ಕೆಲಸ. ಅಷ್ಟಿದ್ದೂ ಸಾಲದೆ 2018ರ ವಿಶ್ವಕಪ್ಪಿನಲ್ಲಿ ವಿಡಿಯೋ ತಂದರು, 2022ರಲ್ಲಿ ಕತಾರಿನಲ್ಲಿ ಚೆಂಡಿನೊಳಗೇ ಒಂದು ಯಂತ್ರ ಇಟ್ಟು, ಮೇಲೆ ಕ್ಯಾಮೆರಾಗಳ ಸಾಲು ಕಟ್ಟಿದರು. ಆಟಗಾರನ ಬೆರಳು ಮುಂದಿತ್ತೋ ಮೊಣಕಾಲು ಮುಂದಿತ್ತೋ ಎಂದು ಗೆರೆ ಎಳೆದು ತೋರಿಸುತ್ತಾರೆ. ಚಳ್ಳಕೆರೆಯಲ್ಲಿ ನಾಲ್ಕು ಇಟ್ಟಿಗೆ, ಒಂದು ಸೀಟಿ, ನಡುಮೈದಾನದಲ್ಲಿ ನಿಂತ ಇಪ್ಪತ್ತು ವರ್ಷದ ಒಬ್ಬ ಹುಡುಗ.

ಒಂಬತ್ತು ವರ್ಷದ ಮಗುವಿನ ಕಡೆಯಿಂದಲೂ ನೋಡಿ. ಆ ವಯಸ್ಸಿನಲ್ಲಿ ಮಕ್ಕಳಿಗೆ ಚೆಂಡೊಂದೇ ಕಾಣುವುದು. ಎದುರು ಚೆಂಡು, ಬೆನ್ನ ಹಿಂದೆ ಎದುರಾಳಿ, ಅತ್ತ ಗೆಳೆಯ ಯಾವಾಗ ಒದೆಯುತ್ತಾನೋ ಎನ್ನುವ ಅಂದಾಜು, ಮೂರನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ನನಗೂ ಆಗದು. ಬಲ್ಲವರು ಇದನ್ನು ಆಗಲೇ ಕಂಡುಕೊಂಡಿದ್ದಾರೆ. ನಿಯಮ ಹುಟ್ಟಿಸಿದ ಇಂಗ್ಲೆಂಡಿನಲ್ಲೇ ಹತ್ತು ವರ್ಷದ ತನಕದ ಪುಟ್ಟ ಮಕ್ಕಳ ಐದೈದು, ಏಳೇಳು ಜನರ ಆಟದಲ್ಲಿ ಆಫ್‌ಸೈಡ್ ಇಲ್ಲ. ಒಂಬತ್ತೊಂಬತ್ತು ಜನರ ಆಟಕ್ಕೆ ಹೋದಮೇಲೆ ಬರುತ್ತದೆ. ಅಮೆರಿಕದವರು 2017ರಿಂದ ಒಂದು ನಡುದಾರಿ ಹಿಡಿದರು. ನಾಲ್ಕು ನಾಲ್ಕು ಜನ ಆಡುವ ತೀರ ಚಿಕ್ಕವರಿಗೆ ಆಫ್‌ಸೈಡ್ ಇಲ್ಲ. ಏಳೇಳು ಜನರ ಆಟದಲ್ಲಿ ನಡುಗೆರೆಗೂ ಗೋಲಿನ ಮುಂದಿನ ಚೌಕಕ್ಕೂ ಸರಿಮಧ್ಯದಲ್ಲಿ ಇನ್ನೊಂದು ಗೆರೆ ಎಳೆದು, ಆ ಗೆರೆಯಿಂದ ಗೋಲಿನವರೆಗೆ ಮಾತ್ರ ಆಫ್‌ಸೈಡ್ ಲೆಕ್ಕ ಹಿಡಿಯುತ್ತಾರೆ. ಗೆರೆಯ ಈಚೆಗೆ ಎಲ್ಲಿದ್ದರೂ ಸೈ. ಒಳಾಂಗಣದ ಐದು ಜನರ ಫುಟ್ಸಾಲಿನಲ್ಲಂತೂ ದೊಡ್ಡವರಿಗೂ ಆಫ್‌ಸೈಡ್ ಇಲ್ಲ. ನಮ್ಮವರೆಲ್ಲ ಬಲ್ಲ ಹಾಕಿ ಆಟದಲ್ಲಿ 1996ರಲ್ಲಿ ಪರೀಕ್ಷೆಗೆಂದು ತೆಗೆದವರು 1998ರಲ್ಲಿ ಕಾಯಂ ಆಗಿಯೇ ತೆಗೆದುಹಾಕಿದರು. ಹಾಕಿ ಮುಳುಗಿಹೋಗಲಿಲ್ಲ.

ಇಷ್ಟೆಲ್ಲ ಕಟ್ಟಿಕೊಂಡು ಒಂದು ಸಂಜೆ ಮೈದಾನಕ್ಕೆ ಹೋದೆ. ಜಗಳಕ್ಕೇ ಹೋದೆ ಅನ್ನಿ. ಹುಡುಗ ಕುರ್ಚಿ ಇಲ್ಲವೆಂದು ತನ್ನ ಬೈಕಿನ ಸೀಟು ಒರೆಸಿ ಕೂರಿಸಿದ. ಅರ್ಧ ಸಿಟ್ಟು ಅಲ್ಲೇ ಇಳಿಯಿತು. ನಾನು ಹೇಳಿದ್ದನ್ನೆಲ್ಲ ಕೇಳಿ, “ಟೀಚರ್, ನಾನು ಟಿವಿ ನೋಡಿ ಕಲಿತದ್ದು. ತೆಗೆದುಬಿಡಬಹುದು. ಆದ್ರೆ ಒಂದು ವಾರದಲ್ಲಿ ನೀವೇ ಬಂದು ಹಾಕು ಅಂತೀರಿ” ಅಂದ. ಪಂದ್ಯ ಕಟ್ಟಿದೆವು. ಪುಟ್ಟಿಯನ್ನು ಪುಸಲಾಯಿಸಿ ಕರೆತರುವುದು ನನ್ನ ಪಾಲಿನ ಕೆಲಸ. ಅದಕ್ಕೆ ಎರಡು ದಿನ ಹಿಡಿಯಿತು.

ಹುಡುಗ ಹೇಳಿದ ಹಾಗೇ ಆಯಿತು. ಆಫ್‌ಸೈಡ್ ಇಲ್ಲ ಎಂದ ಮರುಕ್ಷಣ ಒಬ್ಬ ಗುಂಡನೆಯ ಹುಡುಗ ಎದುರಿನ ಗೋಲಿನ ಮುಂದೆ ಗೂಟ ಹೊಡೆದ ಹಾಗೆ ನಿಂತ. ಅವನನ್ನು ಕಾಯಲು ಆ ಕಡೆಯವನೊಬ್ಬ ನಿಂತ. ಇಬ್ಬರೂ ಜೇಬಿನಿಂದ ಕಡ್ಲೆಮಿಠಾಯಿ ತೆಗೆದು ಹಂಚಿಕೊಂಡು ತಿನ್ನುತ್ತ, ಯಾವುದೋ ಸಿನಿಮಾ ಮಾತಾಡುತ್ತ ಇದ್ದರು. ಉಳಿದವರು ಎತ್ತಿ ಎತ್ತಿ ಅವನ ಕಡೆಗೇ ಒದೆಯುತ್ತಿದ್ದರು. ಪುಟ್ಟಿಗೆ ಚೆಂಡು ಸಿಗುವುದು ಇನ್ನೂ ಕಡಿಮೆಯಾಯಿತು. ಶೆಫೀಲ್ಡ್ ನನ್ನ ಕಣ್ಣೆದುರಿಗೇ ನಡೆಯುತ್ತಿತ್ತು. ಹುಡುಗ ನನ್ನ ಕಡೆ ನೋಡಿ ನಕ್ಕ. ನಾನು ಶೇಂಗಾ ತಿನ್ನುವವಳಂತೆ ತಲೆ ತಗ್ಗಿಸಿದೆ.

ಆದರೂ ಒಂದು ಮಾತಿಗೆ ನಾನು ಬಿಡಲಿಲ್ಲ. ಅವನ ಸೀಟಿಯ ಮೇಲೆ ನನ್ನ ನಿಜವಾದ ತಕರಾರು ಅವನು ನಿಯಮ ಜಾರಿ ಮಾಡಿದ್ದಲ್ಲ, ಮಕ್ಕಳಿಗೆ ತಿಳಿಸದೆ ಜಾರಿ ಮಾಡಿದ್ದು. ಮೊದಲ ದಿನ ಗೊತ್ತಿಲ್ಲದೆ ನಿಂತವಳಿಗೆ ಸೀಟಿ ಊದಿ ಗೋಲು ಕಿತ್ತುಕೊಳ್ಳುವ ಬದಲು, ಓಡುವಾಗಲೇ “ಪುಟ್ಟಿ, ಈಚೆ ಬಾ” ಎಂದು ಒಂದು ಸಲ ಕೂಗಿದ್ದರೆ ಆಗುತ್ತಿರಲಿಲ್ಲವೇ? ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೌದು ಟೀಚರ್, ಕೂಗಬೇಕಿತ್ತು” ಅಂದ. ಆಮೇಲೆ ಅಮೆರಿಕದವರ ಗೆರೆಯ ಮಾತು ತೆಗೆದೆ. ಗೆರೆ ಎಳೆಯಲು ಸುಣ್ಣವಿಲ್ಲ ಅಂದ. ಮನೆಯಲ್ಲಿ ರಂಗೋಲಿ ಪುಡಿ ಇತ್ತು, ಎರಡು ಕೆಜಿ ಚೀಲ ಹಾಗೇ ಕೊಟ್ಟೆ. ಮಕ್ಕಳು ತಮ್ಮ ಹೆಜ್ಜೆಯಲ್ಲೇ ಅಳೆದು, ನಡುಗೆರೆಗೂ ಇಟ್ಟಿಗೆಗೂ ನಡುವೆ ಎರಡೂ ಕಡೆ ಒಂದೊಂದು ಗೆರೆ ಎಳೆದರು. ನಾನು ಎಳೆದಿದ್ದರೆ ನೆಟ್ಟಗಿರುತ್ತಿತ್ತು, ಆ ಮಾತು ಬೇರೆ.

ಗೆರೆ ಎಳೆದದ್ದರಿಂದ ಅವನಿಗೂ ಸುಲಭವಾಯಿತು. ಇಡೀ ಅರ್ಧ ಮೈದಾನ ಅಳೆಯುವ ಬದಲು ನೆಲದ ಮೇಲೆ ಕಾಣುವ ಗೆರೆಯ ಆಚೆ ಮಾತ್ರ ಕಣ್ಣಿಟ್ಟರೆ ಸಾಕು. ಅನುಮಾನ ಬಂದರೆ ಊದುವುದಿಲ್ಲ ಎಂದು ಒಪ್ಪಂದವಾಯಿತು. ಗೂಟದ ಹುಡುಗ ಗೆರೆಯ ಈಚೆಗೆ ಬಂದು ನಿಲ್ಲಬೇಕಾಯಿತು. ಅಲ್ಲಿಂದ ಗೋಲು ದೂರ, ಓಡದೆ ವಿಧಿಯಿಲ್ಲ.

ರಜೆ ಮುಗಿದು ಪುಟ್ಟಿ ಊರಿಗೆ ಹೋದಳು. ಹೋದವಳು ಮೊಳಕಾಲ್ಮೂರಿನ ತನ್ನ ಗೆಳತಿಯರಿಗೂ ಹಿಡಿಸಿದಳು. ಜೂನ್ ತಿಂಗಳ ಒಂದು ಭಾನುವಾರ ಚಳ್ಳಕೆರೆಯ ಮಕ್ಕಳನ್ನು ಒಂದು ಟೆಂಪೋದಲ್ಲಿ ತುಂಬಿಕೊಂಡು ಸೀಟಿ ಹುಡುಗ ಮೊಳಕಾಲ್ಮೂರಿಗೆ ಹೊರಟ. ನಾನೂ ಹತ್ತಿದೆ. ತಳಕು ದಾಟಿ, ಬಿ.ಜಿ. ಕೆರೆ ದಾಟಿ, ಹಾನಗಲ್ಲಿನ ಹತ್ತಿರ ತಿರುಗಿ ಬಂಡೆಗುಡ್ಡಗಳು ಎದುರಾಗುತ್ತಿದ್ದಂತೆ ಮಕ್ಕಳಿಗೆ ನನ್ನ ಹಳೆಯ ಪಾಠ ಶುರುಮಾಡಿದೆ. ಇದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿ ಬರೆಸಿದ ಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಅವನ್ನು ಪತ್ತೆಮಾಡಿದರು, ತಂದೆತಾಯಿಯರ ಮಾತು ಕೇಳಬೇಕು, ನಿಜ ಹೇಳಬೇಕು, ಗುರುಗಳನ್ನು ಗೌರವಿಸಬೇಕು ಎಂದು ಅದರಲ್ಲಿದೆ ಎಂದೆ. ಕಡ್ಲೆಮಿಠಾಯಿ ಹುಡುಗ, “ಅದನ್ನ ಆಮೇಲೆ ಬದಲಾಯಿಸಲಿಲ್ವಾ ಟೀಚರ್?” ಎಂದು ಕೇಳಿದ. ಆಫ್‌ಸೈಡಿನ ಇತಿಹಾಸ ಅವರಿಗೆಲ್ಲ ಹೇಳಿ ಹೇಳಿ ನಾನೇ ಕೆಡಿಸಿದ್ದೆ.

ಮೊಳಕಾಲ್ಮೂರಿನ ಮೈದಾನದಲ್ಲಿ ನೋಡಲು ಬಂದವರು ಐವತ್ತು ಅರವತ್ತು ಜನ. ಬೀಗಿತ್ತಿಯವರೂ ಮಗ್ಗದ ಕೆಲಸ ಬಿಟ್ಟು ಬಂದಿದ್ದರು. ಆಟಕ್ಕೆ ಮುಂಚೆ ಎರಡೂ ಕಡೆಯ ಮಕ್ಕಳನ್ನು ಗೆರೆಯ ಹತ್ತಿರ ಕರೆದುಕೊಂಡು ಹೋಗಿ, ಇದರ ಆಚೆ ಏನು, ಈಚೆ ಏನು ಎಂದು ಹುಡುಗ ಕಾಲಲ್ಲಿ ತೋರಿಸಿ ಹೇಳಿದ. ಅಲ್ಲಿಯ ಹಿರಿಯರೊಬ್ಬರು, “ಇದ್ಯಾವ ಸೀಮೆ ಫುಟ್‌ಬಾಲಪ್ಪ? ಟಿವಿನಾಗ ಇಂಥ ಗೆರಿ ಇಲ್ಲ” ಎಂದು ಗೊಣಗಿದರು. ಅವರಿಗೆ ಉತ್ತರ ಕೊಟ್ಟದ್ದು ಬೀಗಿತ್ತಿ. “ಟಿವಿನಾಗಿನ ಮಕ್ಕಳಿಗೆ ಒಂಬತ್ತು ವರ್ಷ ಏನು?” ಅಂದರು. ಮಗ್ಗಕ್ಕೆ ಹೊಸದಾಗಿ ಕೂತವರ ಕೈಗೆ ಯಾರೂ ಜರಿ ಅಂಚಿನ ಸೀರೆ ಕೊಡುವುದಿಲ್ಲ ಎನ್ನುವುದು ಅವರಿಗೆ ನಾನು ಹೇಳಿಕೊಡಬೇಕಾದ ಮಾತಲ್ಲ.

ಆಟ ಚೆನ್ನಾಗಿಯೇ ಆಯಿತು. ತಕರಾರು ಇಲ್ಲದೆ ಆಯಿತು ಎಂದರೆ ಸುಳ್ಳಾಗುತ್ತದೆ. ಚಳ್ಳಕೆರೆಯವರ ಒಂದು ಗೋಲಿನ ಬಗ್ಗೆ ಟೀ ಕುಡಿಯುವಾಗಲೂ ವಾದ ನಡೆದಿತ್ತು. ಪುಟ್ಟಿ ಈ ಸಲ ತನ್ನ ಊರಿನ ಕಡೆ. ದ್ವಿತೀಯಾರ್ಧದಲ್ಲಿ ಓಡುತ್ತ ಓಡುತ್ತ ಗೆರೆ ದಾಟಿಬಿಟ್ಟಳು. ಅವಳ ಮುಂದೆ ಗೋಲಿ ಹುಡುಗ ಒಬ್ಬನೇ. ಅಷ್ಟರಲ್ಲಿ ಅತ್ತಲಿಂದ ಚೆಂಡು ಹೊರಟಿತು. ನನ್ನ ಎದೆ ಹೊಡೆದುಕೊಂಡಿತು. ಸೀಟಿಯವನು ಸೀಟಿ ಬಾಯಿಗಿಟ್ಟ. ಊದುವ ಮೊದಲೇ ಅವಳು ಚೆಂಡು ಮುಟ್ಟದೆ ಕೈ ಎರಡೂ ಮೇಲೆತ್ತಿ ನಿಂತುಬಿಟ್ಟಳು. ಚೆಂಡು ಅವಳ ಪಕ್ಕದಿಂದ ಉರುಳಿಕೊಂಡು ಹೋಯಿತು. ಹಿಂದಿನಿಂದ, ಗೆರೆಯ ಈಚೆಯಿಂದ, ಅವಳ ಗೆಳತಿಯೊಬ್ಬಳು ಓಡಿಬಂದು ಅದನ್ನು ಒದ್ದಳು. ಇಟ್ಟಿಗೆಗೆ ತಗುಲಿ ಆಚೆ ಹೋಯಿತು. ಸೀಟಿ ಊದಲಿಲ್ಲ.

“ಅದು ಗೋಲಾಗಿದ್ದರೆ ಲೆಕ್ಕಕ್ಕೆ ಬರ್ತಿತ್ತು ಅಲ್ವಾ ಅಜ್ಜಿ?” ಎಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದಳು. ಬರುತ್ತಿತ್ತು ಎಂದೆ. ಮುಟ್ಟದೆ ಇದ್ದದ್ದು ಒಳ್ಳೆಯದಾಯಿತು ಎಂದು ಅವಳಮ್ಮ ಅಂದದ್ದಕ್ಕೆ, “ಒಳ್ಳೇದೇನಮ್ಮ, ಇಟ್ಟಿಗೆಗೆ ಹೊಡೀತಲ್ಲ” ಎಂದು ಮುಖ ಊದಿಸಿದಳು. ಒಟ್ಟು ಲೆಕ್ಕದಲ್ಲಿ ಮೊಳಕಾಲ್ಮೂರಿನವರು ಒಂದು ಗೋಲಿನಿಂದ ಸೋತಿದ್ದರು.

ನಾನು ಚಳ್ಳಕೆರೆಗೆ ಹಿಂದಿರುಗಿ ಒಂದು ವಾರಕ್ಕೆ ಮಗಳ ಫೋನು ಬಂತು. ಒಂದು ರಾತ್ರಿ ಮಳೆ ಬಂದು ಮೈದಾನದ ಗೆರೆಗಳೆಲ್ಲ ಕೊಚ್ಚಿಹೋಗಿವೆಯಂತೆ. ಅಪರೂಪಕ್ಕೆ ಬಂದ ಮಳೆ, ಬೈಯುವ ಹಾಗೂ ಇಲ್ಲ. ರಂಗೋಲಿ ಪುಡಿ ಅಲ್ಲ, ಸುಣ್ಣವನ್ನೇ ಕಳಿಸಬೇಕಂತೆ, ಐದು ಕೆಜಿ.